ಮುಳ್ಳು ತಿರುಗಿದ ಕಡೆ

"ಏನಾಗಿದೆ ಇದಕ್ಕೆ? ಸೌಂಡ್ ಬರ್ತಿಲ್ವಾ?"

ಅವಳು ಮೂರು ಸಲ ಕೂಗಿ, ಕೊನೆಗೆ ಮೇಜು ಕುಟ್ಟಿದ ಮೇಲೆ ಅವನು ಹೆಡ್‌ಫೋನ್ ಕಿತ್ತು ತಿರುಗಿದ್ದ. ತಿರುಗಿದವನೇ ಅವಳ ಕೈಯಲ್ಲಿದ್ದದ್ದನ್ನು ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿಯೂ ಬಿಟ್ಟ.

"ಅಯ್ಯೋ, ಅಲ್ಲಾಡಿಸ್ಬೇಡಿ! ಅದು ಸೌಂಡ್ ಮಾಡಲ್ಲ. ದಿಕ್ಸೂಚಿ ಅದು!"

"ಓಹ್." ಅವನು ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ. "ಮತ್ತೆ ಪೇಶೆಂಟ್ ಯಾರು?"

ಹೊರಗಿನ ಬೋರ್ಡಿನಲ್ಲಿ 'ಸ್ಪೀಕರ್ ಡಾಕ್ಟರ್' ಎಂದಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ನಿಮ್ಮ ಅಂಗಡಿ. ನಾನು ಫೆಂಗ್‌ಶುಯಿ ನೋಡೋಕೆ ಬಂದಿರೋದು. ನಿಮ್ಮ ಅಕ್ಕ ಬುಕ್ ಮಾಡಿದ್ರು."

ಅವನೂ ನಕ್ಕ. ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು. ಇನ್ನೊಂದು ಕೆನ್ನೆ ಏನೂ ಗೊತ್ತಿಲ್ಲದ ಹಾಗೆ ಸುಮ್ಮನಿತ್ತು.

ಆ ಗುಳಿಯಲ್ಲೇ ಎಡವಿದ್ದು ಅವಳು.

ಯಾಕೆಂದರೆ ಚಿಕ್ಕಮ್ಮ ಮೊದಲ ದಿನವೇ ಕಿವಿ ಹಿಂಡಿ ಹೇಳಿಕೊಟ್ಟ ಪಾಠ ಒಂದಿತ್ತು. 'ದಿಕ್ಕು ನೋಡೋ ಮುಂಚೆ ಹೊರಗೆ ಹೋಗಿ ನಿಲ್ಲು. ಬಾಗಿಲಿಂದ ಹತ್ತು ಹೆಜ್ಜೆ ದೂರ. ವಾಚ್ ಬಿಚ್ಚು, ಫೋನ್ ದೂರ ಇಡು. ಅಲ್ಲಿ ಮುಳ್ಳು ಏನು ಹೇಳುತ್ತೋ ಅದೇ ಸತ್ಯ.' ಎರಡು ವರ್ಷ ಚಿಕ್ಕಮ್ಮನ ಹಿಂದೆ ಮನೆ ಮನೆ, ಆಫೀಸು ಆಫೀಸು ಸುತ್ತಿದವಳು ಅವಳು. ಮಂಚ ಎಲ್ಲಿರಬೇಕು, ಮೇಜು ಎತ್ತ ತಿರುಗಿರಬೇಕು, ಕನ್ನಡಿ ಯಾವ ಗೋಡೆಗೆ ಬೇಡ, ಎಲ್ಲ ಬಾಯಿಪಾಠ. ಆದರೆ ಗ್ರಾಹಕರ ಬಾಯಲ್ಲಿ ಅವಳಿನ್ನೂ 'ಬ್ಯಾಗ್ ಹುಡುಗಿ'. ಟೇಪು, ದಿಕ್ಸೂಚಿ, ಗಾಳಿಗಂಟೆ ತುಂಬಿದ ಬ್ಯಾಗು ಹೊರುವವಳು.

ಈ ಅಂಗಡಿ ಅವಳೊಬ್ಬಳೇ ಮಾಡುವ ಮೊದಲ ಕೆಲಸ. ಶನಿವಾರ ಚಿಕ್ಕಮ್ಮ ಬಂದು ಪರೀಕ್ಷೆ ಮಾಡುತ್ತಾಳೆ. ಪಾಸಾದರೆ ಮೂರು ಮಹಡಿಯ ಒಂದು ಆಫೀಸು ಪೂರ್ತಿ ಅವಳ ಕೈಗೆ. ಒಂದು ಮೂಲೆ ತಪ್ಪಿದರೂ ಮತ್ತೆ ಬ್ಯಾಗು.

ಇಷ್ಟೆಲ್ಲ ಗೊತ್ತಿದ್ದವಳು, ಅವನು ಸ್ಟೂಲ್ ಒರೆಸಿ "ಕೂತ್ಕೊಳ್ಳಿ" ಅಂದಾಗ ಕೂತೇಬಿಟ್ಟಳು. ಹತ್ತು ಹೆಜ್ಜೆ ಎಲ್ಲಿ ಹೋಯಿತೋ ದೇವರೇ ಬಲ್ಲ.

"ಮೊದಲನೇ ತಪ್ಪು," ಅಂದಳು ನೋಟ್‌ಬುಕ್ ತೆರೆದು, ಆದಷ್ಟು ಗಂಭೀರವಾಗಿ. "ನೀವು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೀರಿ."

"ಬೆಳಕು ಆ ಕಡೆಯಿಂದ ಬರುತ್ತಲ್ಲ."

"ಗ್ರಾಹಕರೂ ಆ ಕಡೆಯಿಂದಾನೇ ಬರ್ತಾರೆ. ನಾನು ಬಂದು ನಾಲ್ಕು ನಿಮಿಷ ಆಗಿತ್ತು. ಬೇರೆಯವರಾಗಿದ್ರೆ ಎರಡೇ ನಿಮಿಷಕ್ಕೆ ಹೋಗ್ತಿದ್ರು."

"ನೀವ್ಯಾಕೆ ಹೋಗಲಿಲ್ಲ?"

ಅವಳು ನೋಟ್‌ಬುಕ್ಕಿನಲ್ಲಿ ಏನೋ ಬರೆದಳು. ಆಮೇಲೆ ನೋಡಿದರೆ ಅದು ಬರೀ ಒಂದು ಗೆರೆ.

ಅವತ್ತೇ ಮೇಜು ಹಿಂದಿನ ಗೋಡೆಗೆ ಹೋಯಿತು, ಮುಖ ಬಾಗಿಲ ಕಡೆಗೆ. ಆಮೇಲೆ ಅವಳು ಅಂಗಡಿಯ ಮಧ್ಯೆ ನಿಂತು ದಿಕ್ಸೂಚಿ ಹಿಡಿದಳು. ಕೆಲಸದ ಏಪ್ರನ್ ತೊಟ್ಟ ಅವನು ಪಕ್ಕದಲ್ಲೇ ಟೇಪಿನ ತುದಿ ಹಿಡಿದು ನಿಂತ. ಮುಳ್ಳು ಅತ್ತಿತ್ತ ಓಲಾಡಿ ನಿಂತಿತು.

"ನೈಋತ್ಯ ಆ ಕಿಟಕಿ ಮೂಲೆ. ಅದು ಸಂಬಂಧಗಳ ಮೂಲೆ. ಅಲ್ಲಿ ಒಂಟಿ ವಸ್ತು ಇರಬಾರದು, ಎಲ್ಲ ಜೋಡಿ ಜೋಡಿ ಇರಬೇಕು. ಆ ಬೀರು ತೆಗೀಬೇಕು."

ಅವನು ತೆಗೆದ. ಸ್ಪೀಕರುಗಳು ತುಂಬಿದ್ದ ಬೀರು ಅದು. ಮರುದಿನ ಅವಳು ನಕ್ಷೆ ತಾಳೆ ನೋಡಲು ಬಂದು ಮತ್ತೆ ದಿಕ್ಸೂಚಿ ಹಿಡಿದರೆ, ನೈಋತ್ಯ ಕೈತೊಳೆಯುವ ಬೇಸಿನ್ ಹತ್ತಿರ ಹೋಗಿ ಕೂತಿತ್ತು.

"ನಿನ್ನೆ ಕಿಟಕಿ ಅಂದ್ರಿ?"

"ನಿನ್ನೆ... ಸ್ವಲ್ಪ ಮೋಡ ಇತ್ತು." ಹೇಳಿದ್ದೇ ನಾಲಿಗೆ ಕಚ್ಚಿಕೊಂಡಳು. ಮೋಡಕ್ಕೂ ದಿಕ್ಕಿಗೂ ಏನು ನಂಟು!

ಅವನು ಮತ್ತೆ ಬೀರು ಎಳೆದ. ಬುಧವಾರ ಮೂರನೇ ಸಲ ಎಳೆಯುವಾಗ ಪಕ್ಕದ ಸ್ಟೇಷನರಿ ಅಂಗಡಿಯಿಂದ ಅವನ ಅಕ್ಕ ಟೀ ಹಿಡಿದು ಬಂದಳು. ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಇವನೇನಾ ನಮ್ಮವನು? ಮನೇಲಿ ಒಂದು ಕುರ್ಚಿ ಸರಿಸೋ ಅಂದ್ರೆ ಸೊಂಟ ಹಿಡ್ಕೋತಾನೆ. ಇಲ್ಲಿ ಬೀರು ಹೂವಿನ ಹಾಗೆ ಎತ್ತಾಡ್ತಿದಾನೆ!"

"ಅಕ್ಕಾ, ಟೀ ಇಟ್ಟು ಹೋಗು."

"ಹೋಗ್ತೀನಪ್ಪ ಹೋಗ್ತೀನಿ." ಅಕ್ಕ ಹೋಗುವಾಗ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು, "ನೈಋತ್ಯ ಚೆನ್ನಾಗಿ ನೋಡಮ್ಮ. ಅಂಗಡಿ ಬರೀ ನೆಪ."

ಅವಳ ಕಿವಿ ಬಿಸಿಯಾಯಿತು. ಟೀ ಕೈಯಲ್ಲಿತ್ತಲ್ಲ, ಅದರದೇ ಬಿಸಿ ಅಂದುಕೊಂಡಳು.

ಮೇಜಿನ ಮೇಲೆ ಮರದ ಹಳೇ ಸ್ಪೀಕರ್ ಒಂದೇ ಒಂದು ಕೂತಿತ್ತು. "ಇದರ ಜೋಡಿ ಎಲ್ಲಿ?"

"ಮೇಜಿನ ಕೆಳಗೆ. ಒಳಗೆ ಅದುರಿ ಸೌಂಡ್ ಕೊಡೋ ಪೇಪರ್ ಹರಿದಿದೆ. ಎರಡು ವರ್ಷದಿಂದ ಹಾಗೇ ಇದೆ. ಟೈಮ್ ಇಲ್ಲ."

"ಗಿರಾಕಿನೂ ಇಲ್ಲ, ಟೈಮೂ ಇಲ್ವಾ?"

"ಮನಸ್ಸಿರಲಿಲ್ಲ ಅಂತ ಇಟ್ಕೊಳ್ಳಿ." ಅವನು ಸ್ಪೀಕರಿನ ಮೈ ಸವರಿದ. "ಸ್ಟೀರಿಯೋ ಕೇಳಬೇಕು ಅಂದ್ರೆ ಎರಡೂ ಬೇಕು. ಕೇಳೋರು ಸರಿಯಾಗಿ ಮಧ್ಯದಲ್ಲಿ ಕೂರಬೇಕು. ಒಂದಡಿ ಆಚೆ ಈಚೆ ಆದ್ರೂ ಹಾಡು ಒಂದೇ ಕಡೆ ವಾಲುತ್ತೆ. ನಿಮ್ಮ ಕೆಲಸ, ನನ್ನ ಕೆಲಸ ಒಂದೇ ನೋಡಿ. ಯಾರು ಎಲ್ಲಿ ಕೂರಬೇಕು ಅನ್ನೋದು."

ಅಷ್ಟು ಚಂದದ ಮಾತನ್ನು ಅವಳ ಕೆಲಸದ ಬಗ್ಗೆ ಇಲ್ಲಿವರೆಗೆ ಯಾರೂ ಆಡಿರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಕಾಲು ನೆಲದ ಮೇಲಿರಲಿಲ್ಲ. ಬಸ್ಸು ಎರಡು ಸ್ಟಾಪು ಮುಂದೆ ಹೋದಮೇಲೆ ಇಳಿದಳು!

ಆದರೆ ಗುರುವಾರ ನೈಋತ್ಯ ಮತ್ತೆ ಜಾಗ ಬದಲಿಸಿತು. ಶುಕ್ರವಾರ ಮಧ್ಯಾಹ್ನ ಅವಳಿಗೆ ಅಳುವೇ ಬಂತು.

"ನಿಮ್ಮ ಅಂಗಡಿನೇ ಸರಿ ಇಲ್ಲ!"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ನಗುತ್ತಾ ಅವನು ಕೆಳಗೆ ಬಿದ್ದ ಸ್ಕ್ರೂ ಹೆಕ್ಕಲು ಅವಳ ಪಕ್ಕದಲ್ಲಿ ಬಗ್ಗಿದ.

ಮುಳ್ಳು ಅವನ ಜೊತೆಗೇ ತಿರುಗಿತು.

ಅವಳು ಕೈಯಲ್ಲಿದ್ದ ದಿಕ್ಸೂಚಿಯನ್ನು ಕಣ್ಣಿನ ಹತ್ತಿರ ತಂದಳು. "ಎದ್ದೇಳಿ. ಎಡಕ್ಕೆ ಎರಡು ಹೆಜ್ಜೆ ಹೋಗಿ." ಹೋದ. ಮುಳ್ಳೂ ಹೋಯಿತು. "ಬಲಕ್ಕೆ ಬನ್ನಿ." ಬಂದ. ಮುಳ್ಳೂ ಬಂತು, ಯಜಮಾನನ ಹಿಂದೆ ಬಾಲ ಅಲ್ಲಾಡಿಸಿಕೊಂಡು ಬರುವ ನಾಯಿಮರಿಯ ಹಾಗೆ.

"ಏಪ್ರನ್ ಜೇಬಲ್ಲಿ ಏನಿದೆ?"

ಅವನು ನಿಧಾನವಾಗಿ ಜೇಬಿಗೆ ಕೈ ಹಾಕಿದ. ಅಂಗೈಯಗಲದ ಕಪ್ಪು ಮ್ಯಾಗ್ನೆಟ್, ಮೈತುಂಬ ಸ್ಕ್ರೂಗಳನ್ನು ಅಂಟಿಸಿಕೊಂಡು ಹೊರಬಂತು. "ಸ್ಕ್ರೂ ಬಿದ್ರೆ ಹೆಕ್ಕೋಕೆ."

"ಇದು ಮುಳ್ಳನ್ನ ಎಳೆಯುತ್ತೆ ಅಂತ ನಿಮಗೆ ಗೊತ್ತಿತ್ತಾ?"

ಅವನ ಗುಳಿ ಮಾಯವಾಯಿತು. "ಮೊದಲನೇ ದಿನ ಹೊಳೀಲಿಲ್ಲ. ಎರಡನೇ ದಿನ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಕ್ಷೆ ಸರಿಹೋಗ್ತಿತ್ತು. ಸರಿಹೋದ್ರೆ ನೀವು ಮತ್ತೆ ಬರ್ತಿರಲಿಲ್ಲ."

ಬೇರೆ ಯಾವ ದಿನ ಕೇಳಿದ್ದರೂ ಆ ಮಾತಿಗೆ ಅವಳು ಕರಗಿ ನೀರಾಗುತ್ತಿದ್ದಳು. ಇವತ್ತು ಕಣ್ಣಲ್ಲಿ ಬೇರೆ ನೀರು ಬಂತು.

"ನಾಳೆ ಚಿಕ್ಕಮ್ಮ ಬರ್ತಾಳೆ. ಎರಡು ವರ್ಷ ಬ್ಯಾಗ್ ಹೊತ್ತಿದೀನಿ ಈ ಒಂದು ಕೆಲಸಕ್ಕೆ. ನಿಮಗೆ ಇದು ಆಟ. ನನಗೆ ಇದೇ ಅನ್ನ." ನೋಟ್‌ಬುಕ್ ಮುಚ್ಚಿ, ತಿರುಗಿಯೂ ನೋಡದೆ ಹೋದಳು. ಹಿಂದಿನಿಂದ ಅವನು "ಒಂದು ನಿಮಿಷ" ಅಂದಿದ್ದು ಕೇಳಿಸಿತು. ಕೇಳಿಸದವಳ ಹಾಗೆ ನಡೆದಳು.

ಶನಿವಾರ ಬೆಳಿಗ್ಗೆ ಚಿಕ್ಕಮ್ಮ ಅಂಗಡಿಯ ಮಧ್ಯೆ ನಿಂತು ನಕ್ಷೆ ಬಿಡಿಸಿದಳು. ಹುಬ್ಬು ಮೇಲೆ ಹೋಯಿತು. "ಇದೇನೇ ಇದು? ಬೇಸಿನ್ ಹತ್ತಿರ ನೈಋತ್ಯ ಬರೆದು ಹೊಡೆದುಹಾಕಿದ್ದೀಯ, ಕಿಟಕಿ ಹತ್ರಾನೂ ಬರೆದು ಹೊಡೆದುಹಾಕಿದ್ದೀಯ..."

"ಮೇಡಂ, ತಪ್ಪು ನಂದು," ಅಂದ ಅವನು. ಕಣ್ಣು ಕೆಂಪಾಗಿತ್ತು, ಗಡ್ಡ ತೆಗೆದಿರಲಿಲ್ಲ. "ಜೇಬಲ್ಲಿ ಮ್ಯಾಗ್ನೆಟ್ ಇಟ್ಕೊಂಡು ಪಕ್ಕದಲ್ಲೇ ನಿಲ್ತಿದ್ದೆ. ಗೊತ್ತಿದ್ದೂ ಹೇಳಲಿಲ್ಲ. ಇವರನ್ನ ಫೇಲ್ ಮಾಡ್ಬೇಡಿ."

ಅವನ ಹಿಂದೆ ಅಡಗಿಕೊಂಡರೆ ಪಾಸಾಗಬಹುದಿತ್ತು. ಅವಳು ಮುಂದೆ ಬಂದಳು.

"ಇಲ್ಲ ಚಿಕ್ಕಮ್ಮ. ಅವರು ಮ್ಯಾಗ್ನೆಟ್ ಇಟ್ಕೊಂಡಿರಲಿ, ಬೆಟ್ಟಾನೇ ಇಟ್ಕೊಂಡಿರಲಿ, ನಾನು ಹೊರಗೆ ನಿಂತು ನೋಡಿದ್ರೆ ಇದಾಗ್ತಿರಲಿಲ್ಲ. ಹತ್ತು ಹೆಜ್ಜೆ ಮರೆತೆ."

"ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದವಳು ನೀನು. ಹೇಗೆ ಮರೆತೆ?"

"ಇವರು... ನಗ್ತಾ ಇದ್ರು."

ಬಾಗಿಲಾಚೆ ಅಕ್ಕ ಕಿಸಕ್ಕನೆ ನಕ್ಕಿದ್ದು ಕೇಳಿತು.

ಚಿಕ್ಕಮ್ಮ ನಗಲಿಲ್ಲ. ವಾಚ್ ಬಿಚ್ಚಿದಳು, ಹೊರಗೆ ಹೋಗಿ ಹತ್ತು ಹೆಜ್ಜೆ ನಡೆದಳು, ನೋಡಿದಳು, ಬಂದಳು. "ನೈಋತ್ಯ ಈ ಮೂಲೆ." ಹರಿದ ಪೇಪರು, ತುಂಡು ವೈರುಗಳ ಚೀಲಗಳು ಒಟ್ಟಿದ್ದ ಮೂಲೆ ಅದು. "ಕಸ ತುಂಬಿಟ್ಟು, ಸಂಬಂಧ ಬರ್ಲಿಲ್ಲ ಅಂದ್ರೆ ಎಲ್ಲಿಂದ ಬರುತ್ತಪ್ಪ?"

ಅವನು ಚೀಲಗಳನ್ನು ಎತ್ತಿ ಹೊರಗೆ ಹಾಕಿದ, ನೆಲ ಒರೆಸಿದ. ಮೇಜಿನ ಮೇಲಿನ ಮರದ ಸ್ಪೀಕರ್ ತಂದಿಟ್ಟ. ಆಮೇಲೆ ಮೇಜಿನ ಕೆಳಗಿಂದ ಅದರ ಜೋಡಿಯನ್ನು ತೆಗೆದ. ಹೊಸ ಪೇಪರು. ಅಂಚಿನಲ್ಲಿ ಗೋಂದು ಇನ್ನೂ ಹಸಿ.

"ಎರಡು ವರ್ಷ ಮನಸ್ಸಿರಲಿಲ್ಲ ಅಂದ್ರಲ್ಲ?" ಅವಳಿಗೇ ತಿಳಿಯದೆ ಮಾತು ಬಂತು.

"ನಿನ್ನೆ ನೀವು ಹೋದ್ಮೇಲೆ ಬಂತು."

ಚಿಕ್ಕಮ್ಮ ಇಬ್ಬರನ್ನೂ ನೋಡಿದಳು. ಕನ್ನಡಕ ಒರೆಸಿದಳು. "ಮೇಜು ಬಾಗಿಲಿಗೆ ಎದುರಾಗಿ ಇಡಿಸಿದ್ದು ಯಾರು?"

"ನಾನು."

"ಗಿರಾಕಿ ಬರ್ತಿದಾರಾ?"

"ಈ ವಾರ ಆರು ಜನ ಬಂದ್ರು," ಅಂದ ಅವನು.

"ಹೂಂ. ನಕ್ಷೆ ಫೇಲ್. ತಪ್ಪು ನೀನಾಗೇ ಒಪ್ಕೊಂಡೆಯಲ್ಲ, ಅದಕ್ಕೆ ಪಾಸು. ಸೋಮವಾರ ಆ ಮೂರು ಮಹಡಿ ಆಫೀಸಿಗೆ ನೀನೇ ಹೋಗು." ಬಾಗಿಲ ಹತ್ತಿರ ತಿರುಗಿ ಬೆರಳು ತೋರಿಸಿದಳು. "ಆದ್ರೆ ಇವನನ್ನ ಹತ್ತು ಹೆಜ್ಜೆ ಒಳಗೆ ಬಿಟ್ಕೋಬೇಡ!"

ಸೋಮವಾರ. ಆಫೀಸಿನ ಮುಂದೆ ಹತ್ತು ಹೆಜ್ಜೆ ಎಣಿಸಿ ನಿಂತಳು. ವಾಚ್ ಬಿಚ್ಚಿದಳು. ಫೋನನ್ನು ಬ್ಯಾಗಿಗೆ ಹಾಕಿ ಬ್ಯಾಗನ್ನು ಗೋಡೆಯ ಹತ್ತಿರ ಇಟ್ಟು ಬಂದಳು. ಮುಳ್ಳು ಎರಡು ಸಲ ನಡುಗಿ, ಕಲ್ಲಿನ ಹಾಗೆ ನಿಂತಿತು. ಅವಳು ಬರೆದುಕೊಂಡಳು. ಮತ್ತೊಮ್ಮೆ ನೋಡಿದಳು. ಅದೇ. ಮೂರನೇ ಸಲವೂ ಅದೇ! ಅಲ್ಲೇ ಒಂದು ಸುತ್ತು ಕುಣಿದುಬಿಡೋಣ ಅನ್ನಿಸಿತು.

ತಲೆ ಎತ್ತಿದರೆ ರಸ್ತೆಯ ಆಚೆ ಬದಿಯಲ್ಲಿ ಅವನು. ಏಪ್ರನ್ ಇಲ್ಲ. ಪ್ಯಾಂಟಿನ ಎರಡೂ ಜೇಬನ್ನು ಹೊರಗೆಳೆದು, ಆನೆಯ ಕಿವಿಯ ಹಾಗೆ ತೋರಿಸುತ್ತಾ ನಿಂತಿದ್ದ. ದಾರಿಹೋಕರೆಲ್ಲ ನೋಡಿಕೊಂಡು ಹೋಗುತ್ತಿದ್ದರು.

"ಏನ್ರೀ ಇದು? ಅಂಗಡಿ ಯಾರು ನೋಡ್ಕೋತಾರೆ?"

"ಅಕ್ಕ! ಬಾಗಿಲಿಗೆ ಮುಖ ಮಾಡಿ ಕೂತಿದಾಳೆ! ಇಲ್ಲಿನ ಅಡ್ರೆಸ್ ನಿಮ್ಮ ಚಿಕ್ಕಮ್ಮನ ಹತ್ರ ಕೇಳಿಕೊಟ್ಟಿದ್ದೂ ಅವಳೇ!" ಅವನು ಅಲ್ಲಿಂದಲೇ ಕೂಗಿದ. "ಒಂದು ಮಾತು ಹೇಳ್ಬೇಕಿತ್ತು!"

"ಅಲ್ಲಿಂದಾನೇ ಹೇಳಿ!"

"ಆ ಎರಡು ಸ್ಪೀಕರ್ ಮಧ್ಯೆ ಒಂದೇ ಒಂದು ಜಾಗ ಸರಿಯಾಗಿರೋದು. ಅಲ್ಲಿ ಸ್ಟೂಲ್ ಹಾಕಿದೀನಿ. ಬೇರೆ ಯಾರೂ ಕೂರೋದು ಬೇಡ ಅಂತ ನಿನ್ನೆಯಿಂದ ಕಾಯ್ತಿದೀನಿ!" ಅವನ ದನಿ ಸ್ವಲ್ಪ ಇಳಿಯಿತು. "ದಿಕ್ಕು ಗಿಕ್ಕು ನಂಗೆ ಗೊತ್ತಾಗಲ್ಲ. ನೀವು ಇರೋ ಕಡೆ ಇರ್ಬೇಕು ಅಷ್ಟೇ. ಬರ್ಲಾ?"

ಕೆನ್ನೆಯ ಗುಳಿ ಅಷ್ಟು ದೂರದಿಂದಲೂ ಕಂಡಿತು. ಅವಳು ಕೈಯಲ್ಲಿದ್ದ ಮುಳ್ಳನ್ನು ನೋಡಿದಳು. ಅದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅಳತೆ ಮುಗಿದಿತ್ತು, ನಕ್ಷೆ ಭದ್ರವಾಗಿತ್ತು. ಇನ್ನು ತಿರುಗಿದರೆ ತಿರುಗಲಿ.

ದಿಕ್ಸೂಚಿಯ ಮುಚ್ಚಳ ಮುಚ್ಚಿದಳು. ಇಷ್ಟು ದಿನದ 'ನೀವು', 'ರೀ', 'ಬನ್ನಿ' ಎಲ್ಲವನ್ನೂ ಒಂದೇ ಉಸಿರಿಗೆ ಬಿಟ್ಟು ಕೂಗಿದಳು.

"ಬಾರೋ!"