ಹಸಿರೆಲೆಯ ಡಬ್ಬಿ

ಬಿಸ್ಕತ್ತಿನ ಡಬ್ಬಿಗೆ ಹಸಿರೆಲೆ ಬರೆದವನು ಅವನು. ಹೆಸರು ಗಳಿಸಿದ್ದು ಅಕ್ಕನ ಗಂಡ. ಪ್ಲಾಸ್ಟಿಕ್ ಹೊದಿಕೆಯಲ್ಲಿ ಧೂಳು ತಿನ್ನುತ್ತಿದ್ದ ಅದೇ ಬಿಸ್ಕತ್ತು 'ಮಣ್ಣಲ್ಲಿ ಮಣ್ಣಾಗುವ ಡಬ್ಬಿ'ಗೆ ಬಂದದ್ದೇ ತಡ, ಅಂಗಡಿಗಳಲ್ಲಿ ನಿಲ್ಲದಾಯಿತು. ಜನ ಎಲೆ ನೋಡುತ್ತಿದ್ದರು, ಬುಟ್ಟಿಗೆ ಹಾಕುತ್ತಿದ್ದರು. ಅರ್ಧ ಪಾಲು ಕೊಡುತ್ತೇನೆಂದಿದ್ದ ಭಾವ ಕೊನೆಗೆ ಕೆಲಸಗಾರರೆದುರೇ ನಕ್ಕುಬಿಟ್ಟ.

"ಎಲೆ ಬರೆಯೋನಿಗೆಲ್ಲ ಪಾಲು ಕೊಟ್ರೆ ಹಿಟ್ಟು ನಾದೋನಿಗೆ ಏನು ಕೊಡ್ಲೋ?"

ಆ ನಗು ಅವನನ್ನು ಕೂತಲ್ಲಿ ಕೂರಲು ಬಿಡಲಿಲ್ಲ.

ಉಪಾಯ ಸರಳವಾಗಿತ್ತು. ಬಿಸ್ಕತ್ತು ಮೆತ್ತಗಾಗದಂತೆ ಒಳಗೆ ತೆಳು ಲೇಪ ಬಳಿದ ಹೊಸ ಮಾದರಿ ಡಬ್ಬಿ. ಅದರಲ್ಲಿ ಭಾವನ ಮಧ್ಯಾಹ್ನದ ಚಹಾಕ್ಕೆ ನಾಲ್ಕು ಬಿಸ್ಕತ್ತು, ಮೇಲೆ ಸಕ್ಕರೆಯ ಜೊತೆ ವಿಷದ ಪುಡಿ. ಆಮೇಲೆ ಡಬ್ಬಿಯನ್ನು ಸುಟ್ಟರೆ ಹೊಗೆ, ಎಸೆದರೆ ಕಸ ಆಯುವವರ ಕೈ. ಕಾರ್ಖಾನೆಯ ಹಿತ್ತಲ ಗೊಬ್ಬರದ ಗುಂಡಿಯೋ, ಹಳೆಯ ಡಬ್ಬಿಗಳನ್ನು ಮೂರು ತಿಂಗಳಲ್ಲಿ ಹೇಳಹೆಸರಿಲ್ಲದಂತೆ ನುಂಗುತ್ತಿತ್ತು. ಸಾಕ್ಷಿ ತಾನಾಗಿಯೇ ಮಣ್ಣಾದರೆ ಪೊಲೀಸರು ಯಾವುದನ್ನು ಹಿಡಿಯಬೇಕು?

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಭಾವ ಕುರ್ಚಿಯಲ್ಲೇ ಒರಗಿದ, ಡಬ್ಬಿ ಗುಂಡಿ ಸೇರಿತು. ದೇಹದಲ್ಲಿ ವಿಷ ಸಿಕ್ಕಿತು, ಅದು ಬಂದ ದಾರಿ ಮಾತ್ರ ಸಿಗಲಿಲ್ಲ. ಇನ್‌ಸ್ಪೆಕ್ಟರ್ ಎರಡು ಸಲ ಬಂದು ಬರಿಗೈಲಿ ಹೋದರು. ಆದರೂ ಅವನಿಗೆ ನೆಮ್ಮದಿಯಿಲ್ಲ. ದಿನಾ ಗುಂಡಿಗೆ ಒಂದು ಬಕೆಟ್ ನೀರು ಸುರಿದ. ಮಳೆ ಬಂದರೆ ಹಿಗ್ಗಿದ, ಬಿಸಿಲು ಸುಟ್ಟರೆ ಕಂಗೆಟ್ಟ. ಕಾಗೆ ಕೆದಕಿದರೆ ಕಲ್ಲೆಸೆದು ಓಡಿಸಿದ. ತೊಂಬತ್ತನೆಯ ದಿನ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡ.

ಮರುದಿನ ಬೆಳಗ್ಗೆ ಅಕ್ಕ ಸಲಿಕೆ ಹಿಡಿದು ಬಂದಳು. "ನಿಮ್ಮ ಭಾವ ನೆಟ್ಟ ಗುಲಾಬಿಗೆ ಒಂಚೂರು ಗೊಬ್ಬರ ಬೇಕಿತ್ತು ಕಣೋ."

"ಕೊಡಿಲ್ಲಿ, ನಾನೇ ಅಗೆದುಕೊಡ್ತೀನಿ," ಎಂದ. ಎಷ್ಟೋ ದಿನದ ಮೇಲೆ ಅವನ ದನಿ ಹಗುರವಾಗಿತ್ತು.

ಮೂರನೆಯ ಏಟಿಗೇ ಡಬ್ಬಿ ಮೇಲೆ ಬಂತು. ಅಕ್ಕ ಮಣ್ಣು ಒರೆಸಿದಳು. ಎಲೆ ಇನ್ನೂ ಹಸಿರಾಗಿತ್ತು. ಬಿಗಿಯಾಗಿ ಮುಚ್ಚಿದ್ದ ಮುಚ್ಚಳ ತೆಗೆದರೆ ಒಳಗೆ ಬಿಳಿ ಪುಡಿ ಹಾಗೇ ಅಂಟಿಕೊಂಡಿತ್ತು.

"ಇದು ಇನ್ನೂ ಅಂಗಡಿಗೇ ಹೋಗಿಲ್ವಲ್ಲೋ," ಎಂದಳು. "ಇದ್ದದ್ದೇ ಒಂದು. ನಿನ್ನ ಮೇಜಿನ ಮೇಲೆ."

ಅಕ್ಕ ಕನ್ನಡಕ ಸರಿಪಡಿಸಿಕೊಂಡು, ಡಬ್ಬಿಯನ್ನು ತಿರುವಿ, ತಳದಲ್ಲಿದ್ದ ಸಾಲನ್ನು ಕಷ್ಟಪಟ್ಟು ಓದಿದಳು: 'ಗೊಬ್ಬರ ಕಾರ್ಖಾನೆಯ ಹೆಚ್ಚು ಬಿಸಿಯಲ್ಲಿ ಮಾತ್ರ ಕರಗುತ್ತದೆ, ಹಿತ್ತಲ ಗುಂಡಿಯಲ್ಲಿ ಕರಗುವುದಿಲ್ಲ.' ಲೇಪ ಮಾಡಿದವರು ಕಳಿಸಿದ್ದ ಆ ಸಾಲು ಎಲೆಯ ಅಂದ ಕೆಡಿಸುತ್ತದೆಂದು, ಓದದೆಯೇ, ಸಾಸಿವೆಯಷ್ಟು ಚಿಕ್ಕದು ಮಾಡಿ ತಳಕ್ಕೆ ತಳ್ಳಿದ್ದವನು ಅವನೇ.