ಉಗ್ರಾಣದಲ್ಲಿದ್ದ ಬೀಗ

“ಎಲ್ಲ ಎಸಿಯಮ್ಮಾ. ಬೇಕಾದ್ರೆ ನನ್ನನ್ನೂ ಮೂಟೆ ಕಟ್ಟಿ ಗುಜರಿಗೆ ಹಾಕು. ಉಗ್ರಾಣದಲ್ಲಿರೋ ಆ ಬೀಗ ಒಂದನ್ನ ಮಾತ್ರ ತೆಗೀಬೇಡ.”

ದೊಡ್ಡತ್ತೆ ಹಾಗೆಂದಾಗ ಹೊಸ ಸೊಸೆಗೆ ನಗು ತಡೆಯಲಾಗಲಿಲ್ಲ.

“ನಮ್ಮಪ್ಪನಿಗೆ ಬೀಗರನ್ನ ಕಂಡ್ರೆ ಭಯ. ನನಗೆ ಬೀಗ ಕಂಡ್ರೂ ಭಯ ಇಲ್ಲ ದೊಡ್ಡತ್ತೆ.”

ಮುದುಕಿ ನಗಲಿಲ್ಲ.

ಸೊಸೆ ಆಸ್ಪತ್ರೆಯೊಂದರ ಔಷಧಿ ದಾಸ್ತಾನು ನೋಡಿಕೊಳ್ಳುವವಳು. ಸಾವಿರ ಬಾಟಲಿಗಳ ನಡುವೆ ಬೇಕಾದ್ದಕ್ಕೆ ಕಣ್ಣು ಮುಚ್ಚಿ ಕೈ ಹಾಕಬಲ್ಲವಳು. ಅದಕ್ಕೇ ಗಂಡ ಅವಳನ್ನು ‘ಸ್ಟೋರಮ್ಮ’ ಎಂದು ಕರೆಯುತ್ತಿದ್ದ. ಅವನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ತಾಯಿಯಿಲ್ಲದ ಅವನನ್ನು ಸಾಕಿದ ದೊಡ್ಡಮ್ಮನೇ ಇವಳಿಗೆ ದೊಡ್ಡತ್ತೆ.

ದೊಡ್ಡತ್ತೆ ಹೊಸ್ತಿಲು ದಾಟಿ ಹೊರಗೆ ಹೋಗದೆ ಹತ್ತೊಂಬತ್ತು ವರ್ಷವಾಗಿತ್ತು. ಕೇಳಿದವರಿಗೆಲ್ಲ ಮಂಡಿನೋವು ಎನ್ನುತ್ತಿದ್ದರು. ಒಳಗೆ ಬಂದ ವಸ್ತುವೂ ಅಷ್ಟೇ, ಹೊರಗೆ ಹೋದದ್ದಿಲ್ಲ. “ನಾನೇ ಹೋಗದ ಮೇಲೆ ಅವು ಯಾಕೆ ಹೋಗ್ಬೇಕು?” ಎನ್ನುವರು. ಸೂರು ಮುಟ್ಟುವ ಹಳೆ ಪೇಪರು, ಮುಚ್ಚಳವಿಲ್ಲದ ಡಬ್ಬಿ, ಜೋಡಿ ತಪ್ಪಿದ ಚಪ್ಪಲಿ, ಬಟ್ಟೆ ಹೋಗಿ ಕಡ್ಡಿ ಉಳಿದ ಕೊಡೆ. ನಡುಮನೆಯಲ್ಲಿ ಅಡ್ಡಡ್ಡ ನಡೆಯಬೇಕಿತ್ತು.

ಸ್ಟೋರಮ್ಮ ರಜೆ ಹಾಕಿ ಸೆರಗು ಸಿಕ್ಕಿಸಿದಳು. ಇಡೀ ಮನೆ ನೋಡಿದರೆ ಕೈಕಾಲು ಬಿದ್ದುಹೋಗುತ್ತದೆ, ಒಂದು ಸಲಕ್ಕೆ ಒಂದೇ ಗೂಡು ಎಂದುಕೊಂಡಳು. ಇಟ್ಟುಕೊಳ್ಳುವುದು, ಕೊಡುವುದು, ಎಸೆಯುವುದು ಎಂದು ಮೂರು ಗುಡ್ಡೆ ಮಾಡುತ್ತ ಹೋದಳು. ಎರಡೇ ದಿನದಲ್ಲಿ ನಡುಮನೆಯ ನೆಲ ಕಂಡಿತು. ಮೂರನೆಯ ದಿನ ಬೆಳಿಗ್ಗೆ, ಗಂಡ ಅಂಗಡಿಗೆ ಹೋದ ಮೇಲೆ, ಉಗ್ರಾಣಕ್ಕೆ ನುಗ್ಗಿದಳು.

ಕಿಟಕಿಯಿಲ್ಲದ ಕೋಣೆ. ಇಲಿ ಉಚ್ಚೆಯ ಘಾಟು, ಕಮಟು ಎಣ್ಣೆಯ ವಾಸನೆ. ಕೆಳಗಿನ ಗೂಡಿನ ತಗಡಿನ ಡಬ್ಬಿಯಲ್ಲಿ ಅಂಗೈಯಗಲದ ಬೀಗ ಸಿಕ್ಕಿತು. ಅದರ ಕೊಂಡಿಗೆ ಕಪ್ಪು ದಾರವನ್ನೂ ನರೆಗೂದಲನ್ನೂ ಸೇರಿಸಿ ಸುತ್ತಿದ್ದರು. ಕೀಲಿಯ ತೂತಿಗೆ ಮೇಣ ಮೆತ್ತಿತ್ತು.

‘ಕೀಲಿ ಇಲ್ಲದ ಬೀಗ ಯಾವ ಗುಡ್ಡೆಗೆ? ತೆಗೆದೇ ನೋಡೋಣ’ ಎಂದು ಹೇರ್‌ಪಿನ್ನಿನಿಂದ ಮೇಣ ಕೆದಕಿದಳು. ತೂತಿನಿಂದ ಬೆರಳಿಗೆ ಬೆಚ್ಚಗೆ ಏನೋ ತಾಗಿತು. ಉಸಿರಿನಂತಿತ್ತು. ಪಿನ್ನು ತಿರುಗಿಸಿದಳು.

ಕ್ಲಿಕ್.

ಕೊಂಡಿ ಮೇಲೆದ್ದಿತು. ಅವಳು ನೋಡನೋಡುತ್ತಿದ್ದಂತೆ ತಾನಾಗಿಯೇ ಇಳಿದು ಮತ್ತೆ ಹಾಕಿಕೊಂಡಿತು.

ನಡುಮನೆಯಲ್ಲಿ ಲೋಟ ಬಿದ್ದ ಸದ್ದು. ಓಡಿಹೋಗಿ ನೋಡಿದರೆ ದೊಡ್ಡತ್ತೆ ಹೊಸ್ತಿಲಾಚೆ ಬರಿಗಾಲಲ್ಲಿ ನಿಂತಿದ್ದರು. ಬಿಸಿಲಿಗೆ ಕಣ್ಣು ಕಿರಿದಾಗಿ ನೀರು ಸುರಿಯುತ್ತಿತ್ತು.

“ತೆಗೆದೆಯಾ?”

“ದೊಡ್ಡತ್ತೆ, ನೀವು ಆಚೆ...”

“ನಮ್ಮತ್ತೆಗೆ ಆಗದವರು ಮಾಟ ಮಾಡಿಸಿ ಹಾಕಿಸಿದ ಬೀಗ ಅದು. ಅದರಲ್ಲಿ ಒಬ್ಬರು ಇರಲೇಬೇಕು. ತೆಗೆದವರು ಒಳಗೆ, ಇದ್ದವರು ಹೊರಗೆ. ನಮ್ಮತ್ತೇನ ಬಿಡಿಸಿದವಳು ನಾನೇ, ತಿಳೀದೆ.” ಹಿಂದೆ ಹಿಂದೆ ಸರಿಯುತ್ತ ಗೇಟು ಹಿಡಿದರು. “ನಿನಗೆ ಹೇಳಿದ್ದೆ. ಮತ್ತೆ ಒಳಗೆ ಬರೋ ಧೈರ್ಯ ನನಗಿಲ್ಲಮ್ಮಾ.”

“ನಿಲ್ಲಿ!” ಸ್ಟೋರಮ್ಮ ಹೊಸ್ತಿಲಾಚೆಗೆ ಕಾಲಿಟ್ಟಳು.

ಕಾಲು ಉಗ್ರಾಣದ ನೆಲದ ಮೇಲೆ ಬಿತ್ತು.

ಕತ್ತಲು. ಇಲಿ ಉಚ್ಚೆಯ ಘಾಟು. ಎದುರಿಗೆ ಅದೇ ಗೂಡು. ತಿರುಗಿ ಓಡಿದಳು. ಹಿತ್ತಿಲ ಬಾಗಿಲು. ದಾಟಿದಳು. ಉಗ್ರಾಣ. ಮುಂಬಾಗಿಲು. ಹಾರಿದಳು. ಉಗ್ರಾಣ. ಬೀಗಕ್ಕೆ ಪಿನ್ನು ಚುಚ್ಚಿದಳು. ಪಿನ್ನು ಮುರಿಯಿತು, ಬೀಗ ಜಗ್ಗಲಿಲ್ಲ. ತೂತಿಗೆ ಕಿವಿಯಿಟ್ಟಳು. ಒಳಗೆ ಯಾರೋ ಏದುಸಿರು ಬಿಡುತ್ತಿದ್ದರು. ಅವಳು ಉಸಿರು ಬಿಗಿಹಿಡಿದಳು. ಒಳಗಿನ ಸದ್ದೂ ನಿಂತಿತು.

ಸಂಜೆ ಗಂಡ ಕುಣಿಯುತ್ತ ಬಂದ. “ದೊಡ್ಡಮ್ಮ ಫೋನ್ ಮಾಡಿತ್ತು ಕಣೇ, ತನ್ನ ತಂಗಿ ಮನೇಲಿದೆಯಂತೆ! ಹತ್ತೊಂಬತ್ತು ವರ್ಷ ಯಾರಿಂದಾನೂ ಆಗದ್ದು, ನೀನು ಕಸ ಗುಡಿಸಿದ್ದಕ್ಕೆ ಆಯ್ತಲ್ಲ!”

ಅವಳು ಹೇಳಬೇಕೆಂದು ಬಾಯಿ ತೆರೆದಳು. ಕೇಳಿದರೆ ಅವನು ಮೊದಲು ನಗುತ್ತಾನೆ, ಆಮೇಲೆ ಬೀಗ ಕೇಳುತ್ತಾನೆ. ಕೆಟ್ಟು ನಿಂತದ್ದನ್ನು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಬಾಯಿ ಮುಚ್ಚಿಕೊಂಡಳು.

ಹೀಗೆ ಒಂಬತ್ತು ದಿನ. ಆಸ್ಪತ್ರೆಗೆ ಜ್ವರವೆಂದಳು, ಗಂಡನಿಗೆ ತಲೆನೋವೆಂದಳು. ಅವನು ಗಂಜಿ ಕಾಯಿಸಿ ಕೊಟ್ಟ, ಹಣೆ ಮುಟ್ಟಿ ನೋಡಿದ. ಅವನು ಅಂಗಡಿಗೆ ಹೋದ ಮೇಲೆ ಅವಳು ಖಾಲಿಯಾದ ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದಳು. ಬೀಗವನ್ನು ಕಿಟಕಿಯಿಂದ ಎಸೆದಳು. ಅದು ತಲೆದಿಂಬಿನ ಕೆಳಗೆ ಸಿಕ್ಕಿತು. ಬೀದಿಯಲ್ಲಿ ನಾಯಿಯೊಂದು ಬೇಕಾದತ್ತ ಓಡುವುದನ್ನು ಕಂಡು ಅತ್ತಳು.

ಹತ್ತನೆಯ ದಿನ ಭಾನುವಾರ. ಹಾಸಿಗೆ ಕೊಡವುತ್ತಿದ್ದ ಗಂಡನ ಕೈಗೆ ಬೀಗ ಬಂತು.

“ಇದೇನೇ ಸ್ಟೋರಮ್ಮಾ? ತೂತಿನಲ್ಲಿ ಪಿನ್ನು ಮುರ್ಕೊಂಡಿದೆ. ಇದಕ್ಕೆಲ್ಲ ಎರಡು ನಿಮಿಷ.” ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದ.

ಬೇಡಾರೀ. ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಗಿದ ಅವನ ಕತ್ತು ಕಂಡಿತು. ಉಗುರುಗಳಲ್ಲಿ ಯಂತ್ರದ ಎಣ್ಣೆ. ಬೇಡಾರೀ. ತೆರೆದ ಮುಂಬಾಗಿಲಲ್ಲಿ ಬೆಳಕು ಬಿದ್ದಿತ್ತು. ಎರಡೇ ಅಕ್ಷರ, ‘ಬೇಡ’.

ಅವಳು ಹಲ್ಲು ಕಚ್ಚಿದಳು.

ಕ್ಲಿಕ್.

ಓಡಿದಳು. ಹೊಸ್ತಿಲು. ಮೆಟ್ಟಿಲು. ಮಣ್ಣು! ಅಂಗಾಲಿಗೆ ಬಿಸಿ ಮಣ್ಣು. ಗೇಟು. ಬೀದಿ. ಎದುರು ಕಾಂಪೌಂಡಿಗೆ ಒರಗಿ ನಿಂತಳು.

“ಆಯ್ತು ನೋಡು! ಎಲ್ಲಿ ಹೋದೆ?” ಮನೆಯೊಳಗಿನಿಂದ ಅವನ ದನಿ, ನಗುನಗುತ್ತ. ಬಾಗಿಲತ್ತ ಬರುವ ಹೆಜ್ಜೆ ಸದ್ದು. “ಸ್ಟೋರಮ್ಮಾ, ಈ ಬಾಗಿಲು ತಮಾಷೆಯಾಗಿದೆ ಕಣೇ. ದಾಟಿದ್ರೆ ಉಗ್ರಾಣಕ್ಕೇ ಬರ್ತೀನಿ!” ಇನ್ನೂ ನಗುತ್ತಲೇ ಇದ್ದ.

ಅವಳು ಗೋಡೆ ಹಿಡಿದು ನಡೆಯತೊಡಗಿದಳು.

“ಸ್ಟೋರಮ್ಮಾ?”

ಈ ಸಲ ನಗು ಇರಲಿಲ್ಲ. ಬೀದಿಯ ತಿರುವು ಬರುವವರೆಗೂ ಅವನು ಕೂಗುತ್ತಲೇ ಇದ್ದ. ಅವಳು ಒಂದು ಸಲವೂ ಓಗೊಡಲಿಲ್ಲ.