ಎರಡು ಬಾಗಿಲಿನ ಹಸಿರು ಕಾರು

“ಇದು ನನ್ನ ಗಂಡನ ಕಾರಲ್ಲ,” ಎಂದಳು ಲೋರ್ನಾ ಬ್ಯಾಸೆಟ್.

ಮಿಶಿಗನ್ ಸರೋವರದ ದಡದ ಮಸ್ಕೀಗನ್ ಊರು. ೧೯೭೧ರ ಮಾರ್ಚ್. ಕಾರ್ ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ಅವಳು ನಿಂತಿದ್ದಳು. ಸರೋವರದ ಗಾಳಿಗೆ ಮೂಗಿನ ತುದಿ ಕೆಂಪಾಗಿತ್ತು. ಕೈಯಲ್ಲಿ ಹೊಲಿಗೆಯ ಅಳತೆ ಟೇಪು. ಎದುರಿಗೆ ಕಡು ಹಸಿರು ಬಣ್ಣದ, ಎರಡೇ ಬಾಗಿಲಿನ, ಉದ್ದ ಮೂತಿಯ ಹೊಚ್ಚ ಹೊಸ ಕಾರು.

ಹೊಸ ಕಾರುಗಳನ್ನು ಉಜ್ಜಿ, ಹೊಳಪು ಕೊಟ್ಟು ಗಿರಾಕಿಗಳಿಗೆ ಒಪ್ಪಿಸುವುದು ಗೆರಿಟ್ ಹೂಕ್‌ಸ್ಟ್ರಾನ ಕೆಲಸ. ಮೂವತ್ತನಾಲ್ಕು ವಯಸ್ಸು, ಮದುವೆಯಾಗಿರಲಿಲ್ಲ. ತಗಾದೆ ತೆಗೆಯುವ ಗಿರಾಕಿಗಳು ಅವನಿಗೆ ಹೊಸಬರಲ್ಲ.

“ಆರ್ಡರಿನಲ್ಲಿ ವೆಂಡೆಲ್ ಬ್ಯಾಸೆಟ್ ಅಂತಲೇ ಇದೆ ಮೇಡಂ.”

“ಹೆಸರು ಸರಿ, ಕಾರು ತಪ್ಪು. ನಮಗೆ ಇಬ್ಬರು ಹೆಣ್ಣುಮಕ್ಕಳು. ಅವರೆಲ್ಲಿ ಕೂತ್ಕೋಬೇಕು, ಡಿಕ್ಕಿಯಲ್ಲಾ?” ಅವಳು ಬಗ್ಗಿ ಟೇಪು ಹಿಡಿದು ಕಾರನ್ನು ಹಿಂದಿನಿಂದ ಮುಂದಿನವರೆಗೆ ಅಳೆದಳು. “ನೋಡಿ, ನಮ್ಮ ಗ್ಯಾರೇಜಿಗೆ ಹಿಡಿಸಲ್ಲ. ಒಂದು ಗೇಣು ಹೊರಗೇ ಉಳಿಯುತ್ತೆ.”

“ಹಾಗಾದ್ರೆ ಕಾರು ಸರಿಯಾಗೇ ಇದೆ. ನಿಮ್ಮ ಗ್ಯಾರೇಜೇ ತಪ್ಪು.”

ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಸುಮ್ಮನೆ ಅವನನ್ನು ನೋಡಿದಳು. ಬೂದು ಬಣ್ಣದ ಕಣ್ಣು, ಕೆಳಗೆ ನಿದ್ದೆಗೆಟ್ಟ ಕಪ್ಪು. ಗೆರಿಟ್‌ಗೆ ಯಾಕೋ ಇನ್ನೂ ಸ್ವಲ್ಪ ಕೆಣಕಬೇಕೆನಿಸಿತು.

“ನಿಮ್ಮ ಯಜಮಾನ್ರನ್ನೇ ಕರ್ಕೊಂಡು ಬನ್ನಿ. ಇದನ್ನ ನೋಡಿದ್ಮೇಲೆ ಬೇಡ ಅಂದ ಗಂಡಸನ್ನ ನಾನಿನ್ನೂ ಕಂಡಿಲ್ಲ.”

“ಅವರು ವಿಯೆಟ್ನಾಮಿನಲ್ಲಿ ಕಾಣೆಯಾಗಿದ್ದಾರೆ,” ಎಂದಳು ಲೋರ್ನಾ, ಟೇಪು ಸುತ್ತುತ್ತಾ. “ಹೆಲಿಕಾಪ್ಟರ್ ಬಿದ್ದಿದ್ದು ಹೋದ ಶರತ್ಕಾಲದಲ್ಲಿ. ಅದಕ್ಕೆ ಮುಂಚೆ ಅಲ್ಲಿನ ಸೈನಿಕರ ಅಂಗಡಿಯಲ್ಲಿ ಕ್ಯಾಟಲಾಗ್ ನೋಡಿ ಇದನ್ನ ಆರ್ಡರ್ ಮಾಡಿದ್ರಂತೆ. ನನಗೆ ಹೇಳಿರಲಿಲ್ಲ.”

ಗೆರಿಟ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ. ಮತ್ತೆ ಬಿಚ್ಚಿ ಮಡಿಸಿದ.

ಅವತ್ತು ಮಧ್ಯಾಹ್ನ ತಾನೇ ಕಾರನ್ನು ಅವಳ ಮನೆಗೆ ಒಯ್ದು, ಹಿಮ್ಮುಖವಾಗಿ ಗ್ಯಾರೇಜಿಗೆ ನುಗ್ಗಿಸಿದ. ಅವಳ ಅಳತೆ ಸರಿಯಾಗಿತ್ತು. ಮೂತಿ ಒಂದು ಗೇಣು ಹೊರಗುಳಿಯಿತು.

“ಹಿಂದಿನ ಗೋಡೆಗೆ ಒಂದು ಬೆಂಚಿದೆಯಲ್ಲ, ಅದನ್ನ ತೆಗೆದ್ರೆ ಹಿಡಿಸುತ್ತೆ.”

“ಅದು ವೆಂಡೆಲ್ ಕೆಲಸ ಮಾಡೋ ಬೆಂಚು. ತೆಗೆಯಲ್ಲ.”

ಗೆರಿಟ್ ಟಾರ್ಪಾಲು ತಂದು ಹೊರಗುಳಿದ ಮೂತಿಗೆ ಹೊದಿಸಿ, ಚಳಿಗಾಲದ ಕುದುರೆಗೆ ಕಂಬಳಿ ಕಟ್ಟುವ ಹಾಗೆ ಹಗ್ಗ ಬಿಗಿದ. “ನಿಲ್ಲಿಸಿಟ್ಟ ಎಂಜಿನ್ ಕೆಡುತ್ತೆ. ವಾರಕ್ಕೊಮ್ಮೆ ಚಾಲೂ ಮಾಡಬೇಕು. ಭಾನುವಾರ ನಾನೇ ಬರ್ತೀನಿ,” ಎಂದ.

ಭಾನುವಾರ ಬಂದ. ಮುಂದಿನ ಭಾನುವಾರವೂ ಬಂದ.

ಒಂಬತ್ತು ವರ್ಷದ ಡಾರ್ಲಾ, ಆರು ವರ್ಷದ ಜಿಲ್, ಚರ್ಚಿನಿಂದ ಬಂದವರು ಬಿಳಿ ಕಾಲುಚೀಲದಲ್ಲೇ ಗ್ಯಾರೇಜಿನ ಮುಂದೆ ಕುಣಿಯುತ್ತಿದ್ದರು. ಎಂಜಿನ್ ಗುಡುಗಿದರೆ ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಲೋರ್ನಾ ಕಾಫಿ ತರುತ್ತಿದ್ದಳು. ಕೆಲವೊಮ್ಮೆ ಚೆರ್ರಿ ಪೈ.

ಮೇ ತಿಂಗಳಿನ ಒಂದು ಭಾನುವಾರ ಅವಳು ಕೇಳಿದಳು, “ಪಕ್ಕದ ಮನೆಯವರು ಹೇಳಿದ್ರು, ತಿಂಗಳಿಗೊಮ್ಮೆ ಚಾಲೂ ಮಾಡಿದ್ರೂ ಸಾಕಂತೆ.”

ಗೆರಿಟ್ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. “ಪಕ್ಕದ ಮನೆಯವರದ್ದು ಬೇರೆ ಕಾರು.”

“ಹೌದಾ?”

“ಹೌದು. ಈ ಕಾರಿಗೆ ಸ್ವಲ್ಪ ಜಾಸ್ತಿ ಕಾಳಜಿ ಬೇಕು.”

ಅವಳು ಕಪ್ಪನ್ನು ತುಟಿಗೆ ಹಿಡಿದು ಅದರ ಹಿಂದೆ ನಗು ಬಚ್ಚಿಟ್ಟುಕೊಂಡಳು. ಆದರೆ ನಗು ಕಣ್ಣಿನ ಅಂಚಿನಲ್ಲಿ ಉಳಿದುಬಿಟ್ಟಿತು. ಗೆರಿಟ್ ಅದನ್ನು ನೋಡಿದ. ನೋಡಿದ್ದು ಅವಳಿಗೂ ಗೊತ್ತಾಯಿತು. ಇಬ್ಬರೂ ಒಟ್ಟಿಗೇ ಎಂಜಿನ್ನಿನ ಕಡೆ ನೋಡತೊಡಗಿದರು.

ಜುಲೈನಲ್ಲಿ ಒಂದು ದಿನ ಲೋರ್ನಾ ಬೇರೆಯೇ ಪ್ರಶ್ನೆ ಕೇಳಿದಳು.

“ಗೆರಿಟ್, ನಿಜ ಹೇಳಿ. ಇದರಲ್ಲಿ ಅಂಥದ್ದೇನಿದೆ? ದೊಡ್ಡದು ಅಂತಾನಾ ಗಂಡಸರು ಸಾಯೋದು?”

“ದೊಡ್ಡದಾ? ಬೀದಿಯಲ್ಲಿ ನಿಲ್ಲಿಸಿರೋ ನಿಮ್ಮ ಹಳೇ ಸ್ಟೇಷನ್ ವ್ಯಾಗನ್ ಕಾರು ಇದಕ್ಕಿಂತ ಒಂದೂವರೆ ಅಡಿ ಉದ್ದ ಇದೆ. ಅದನ್ನ ನೋಡಿ ಯಾರಾದ್ರೂ ಸೀಟಿ ಹೊಡೆದಿದ್ದಾರಾ?”

“ಓಡಿಸೋಳಿಗೂ ಹೊಡೆದಿಲ್ಲ ಬಿಡಿ,” ಎಂದಳು.

ಸೀಟಿ ಹೊಡೆಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಹೊಡೆಯಲಿಲ್ಲ. ಕಾರನ್ನು ಹೊರತಂದು ಬೀದಿಯಲ್ಲಿ ಅಡ್ಡವಾಗಿ ನಿಲ್ಲಿಸಿ, ಅವಳನ್ನು ಎದುರು ಬದಿಯ ಮೇಪಲ್ ಮರದ ಕೆಳಗೆ ಕರೆದೊಯ್ದ. “ಇಲ್ಲಿಂದ ನೋಡಿ. ಹತ್ತಿರ ನಿಂತ್ರೆ ಬರೀ ತಗಡು.”

ಅವಳು ನೋಡಿದಳು. ಬಿಸಿಲು ಹಸಿರು ಮೈಮೇಲೆ ಉದ್ದಕ್ಕೂ ಒಂದೇ ಗೆರೆಯಾಗಿ ಹರಿದಿತ್ತು.

“ಮೂತಿ ಎಷ್ಟು ಉದ್ದ, ಬಾಲ ಎಷ್ಟು ಮೋಟು. ಕೂರೋ ಜಾಗವನ್ನ ಹಿಂದಕ್ಕೆ, ಹಿಂದಿನ ಚಕ್ರದ ಮೇಲಕ್ಕೇ ತಳ್ಳಿಬಿಟ್ಟಿದ್ದಾರೆ. ಅಲ್ಲಿ ನೋಡಿ, ಹಿಂದಿನ ಚಕ್ರದ ಮೇಲೆ ಮೈ ಉಬ್ಬಿದೆ, ತೊಡೆ ಥರ. ಓಟಕ್ಕೆ ಬಗ್ಗಿದೋನ ಹಾಗೆ. ಭಾರವೆಲ್ಲ ಹಿಂದೆ, ಕಣ್ಣು ಮುಂದೆ. ಚಾವಣಿ ತಗ್ಗು, ಕಿಟಕಿ ಸಣ್ಣದು. ಅದಕ್ಕೇ ನಿಂತಿದ್ರೂ ಹೊರಟ ಹಾಗೆ ಕಾಣುತ್ತೆ.”

“ಹಿಂದಿನ ಸೀಟನ್ನ ಸ್ವಲ್ಪ ದೊಡ್ಡದು ಮಾಡಿದ್ರೆ ಏನಾಗ್ತಿತ್ತು?”

“ತಲೆ ತಾಗದ ಹಾಗೆ ಚಾವಣಿ ಎತ್ತಬೇಕು. ಕಾಲಿಗೆ ಜಾಗ ಬೇಕು ಅಂತ ಬಾಲ ಎಳೀಬೇಕು. ಒಂದು ಗೇಣು ಸೇರಿಸಿದ್ರೆ ಸಾಕು, ಒಳ್ಳೇ ಕಾರಾಗುತ್ತೆ, ಆದ್ರೆ ನೋಡೋಕೇನೂ ಇರಲ್ಲ.”

“ಅಂದ್ರೆ ನನ್ನ ಮಕ್ಕಳಿಗೆ ಜಾಗ ಇಲ್ಲ ಅನ್ನೋದೇ ಇದರ ಚೆಂದ.”

ಗೆರಿಟ್ ಸುಳ್ಳು ಹೇಳಬಹುದಿತ್ತು. “ಹೌದು,” ಎಂದ.

ಲೋರ್ನಾ ತಲೆಯಾಡಿಸಿದಳು. ಕಿವಿಯ ಹಿಂದಿಂದ ಒಂದು ಎಳೆ ಕೂದಲು ಜಾರಿ ಕೆನ್ನೆಗೆ ಬಿತ್ತು. ಅದನ್ನು ಹಿಂದೆ ಸರಿಸುವ ಹಕ್ಕು ತನ್ನ ಕೈಗಿಲ್ಲವೆಂದು ಗೆರಿಟ್‌ಗೆ ಗೊತ್ತಿತ್ತು. ಆ ಕೈಯನ್ನು ಜೇಬಿಗೆ ಹಾಕಿಕೊಂಡ. ಅಂದಿನಿಂದ ವಾರದ ಆರು ದಿನಗಳು ಅವನಿಗೆ ಬರೀ ಭಾನುವಾರದ ಹಾದಿಯಾದವು.

ಅಕ್ಟೋಬರಿನಲ್ಲಿ ಮೇಪಲ್ ಕೆಂಪಾಯಿತು. ಮಕ್ಕಳಿಬ್ಬರೂ ಚರ್ಚಿನ ಹಾಡಿನ ತಾಲೀಮಿಗೆ ಹೋಗಿದ್ದರು. ಚಳಿಯಿತ್ತು. ಲೋರ್ನಾ ಮೊದಲ ಬಾರಿಗೆ ಕಾರಿನೊಳಗೆ ಅವನ ಪಕ್ಕದಲ್ಲಿ ಬಂದು ಕೂತಳು. ಎಂಜಿನ್ನಿನ ನಡುಕ ಸೀಟಿನ ಮೂಲಕ ಇಬ್ಬರಿಗೂ ತಗಲುತ್ತಿತ್ತು.

“ಅವರು ನಮ್ಮನ್ನ ಬಿಟ್ಟು ಹೋಗೋ ಯೋಚನೆಯಲ್ಲಿದ್ರು ಅನ್ಸುತ್ತೆ,” ಎಂದಳು, ಮುಂದಿನ ಗಾಜನ್ನೇ ನೋಡುತ್ತಾ. “ಹೋಗೋಕೆ ಮುಂಚೆ ತುಂಬ ಜಗಳ ಆಡಿದ್ವಿ. ಇದು ಹೆಂಡ್ತಿ ಮಕ್ಕಳಿರೋನ ಕಾರಲ್ಲ ಗೆರಿಟ್. ಒಂಟಿ ಗಂಡಸಿನ ಕಾರು. ಅವರಿಗೆ ನಾವು ಬೇಡ ಆಗಿದ್ರೆ, ನಾನ್ಯಾಕೆ ಕಾಯ್ಬೇಕು?”

ಅವಳ ಕೈ ಇಬ್ಬರ ನಡುವೆ ಸೀಟಿನ ಮೇಲಿತ್ತು. ಅವನ ಕೈಯೂ ಅಲ್ಲೇ ಇತ್ತು. ಅವಳ ಕಿರುಬೆರಳು ಅವನ ಕಿರುಬೆರಳನ್ನು ಮುಟ್ಟಿತು, ಸರಿಯಲಿಲ್ಲ.

ಸುಮ್ಮನಿದ್ದರೆ ಸಾಕಿತ್ತು. ಅವಳು ತಾನೇ ಮನಸ್ಸಿನ ಬಾಗಿಲು ತೆರೆದಿದ್ದಳು. ಅವನು ಏನನ್ನೂ ಮಾಡಬೇಕಾಗಿರಲಿಲ್ಲ, ಒಂದು ಮಾತನ್ನು ನುಂಗಿಕೊಂಡರೆ ಮುಗಿಯುತ್ತಿತ್ತು. ಬೀದಿಯಲ್ಲಿ ಒಂದು ಕಾರು ದಾಟಿಹೋಗುವವರೆಗೆ ಗೆರಿಟ್ ಅದನ್ನು ನುಂಗಲು ನೋಡಿದ.

“ನಾವು ಕೂತಿರೋ ಈ ಸೀಟು ನೋಡಿ,” ಎಂದ ಕೊನೆಗೆ.

“ಏನಾಗಿದೆ?”

“ಇಂಥ ಕಾರು ತಗೊಳ್ಳೋರೆಲ್ಲ ಮುಂದೆ ಎರಡು ಬಿಡಿ ಸೀಟು ಹಾಕಿಸ್ಕೋತಾರೆ, ನಡುವೆ ಗೇರು. ಅದೇ ಶೋಭೆ. ಹೀಗೆ ಹಳೇ ಟ್ರಕ್ಕಿನ ಥರ ಉದ್ದ ಸೀಟು ಹಾಕಿಸಿದ್ರೆ ಒಳಗಿನ ಅಂದವೇ ಕೆಡುತ್ತೆ. ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಇಂಥ ಕಾರಿಗೆ ಇಂಥ ಸೀಟು ಯಾವ ದಡ್ಡ ಹೇಳಿದ ಅಂತ.”

ಲೋರ್ನಾ ಅವನ ಕಡೆ ತಿರುಗಿದಳು.

“ಇದರಲ್ಲಿ ಮೂರು ಜನ ಕೂರಬಹುದು. ಜಿಲ್ ನಿಮ್ಮಿಬ್ಬರ ನಡುವೆ. ಡಾರ್ಲಾ ಹಿಂದೆ ಅಡ್ಡಡ್ಡ ಕಾಲು ಚಾಚ್ಕೊಂಡು. ಸೊಗಸು ಬೇಕು ಅನ್ನೋ ಹುಡುಗಾಟ ಅವರಿಗಿತ್ತು. ಆದರೆ ನೀವು ನಾಲ್ವರೂ ಹಿಡಿಸ್ತೀರಾ ಅಂತ ಲೆಕ್ಕ ಹಾಕಿದ್ದಾರೆ. ಬಿಟ್ಟು ಹೋಗೋನು ಈ ಸೀಟು ಹಾಕಿಸಲ್ಲ.”

ಅವಳ ಕಿರುಬೆರಳು ನಿಧಾನವಾಗಿ ಸರಿಯಿತು. ಆಮೇಲೆ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಒಂದು ವರ್ಷದ ಅಳುವನ್ನೆಲ್ಲ. ಗೆರಿಟ್ ಎಂಜಿನ್ ಆರಿಸಿದ. ಮುಟ್ಟಿ ಸಮಾಧಾನ ಮಾಡಲಿಲ್ಲ. ಗಾಜಿನಾಚೆ ಬಾನೆಟ್ಟಿನ ಮೇಲೆ ಎಲೆಗಳು ಬೀಳುತ್ತಿದ್ದವು.

ಆ ಬಳಿಕವೂ ಅವನು ಬರುತ್ತಿದ್ದ. ಅವಳು ಕಾಫಿ ಕೊಡುತ್ತಿದ್ದಳು, ನಿಂತೇ ಮಾತಾಡುತ್ತಿದ್ದಳು. ಕಾರಿನೊಳಗೆ ಮತ್ತೆಂದೂ ಕೂರಲಿಲ್ಲ. ಹೀಗೆಯೇ ಒಂದು ಚಳಿಗಾಲ ಕಳೆಯಿತು, ಒಂದು ಬೇಸಿಗೆ ಕಳೆಯಿತು.

೧೯೭೩ರ ಜನವರಿಯಲ್ಲಿ ಶೆಡ್ಡಿನ ಫೋನು ಬಡಿಯಿತು.

“ಗೆರಿಟ್, ಅವರು ಬದುಕಿದ್ದಾರೆ. ಸೆರೆಯಲ್ಲಿದ್ರಂತೆ. ಬಿಡ್ತಾರಂತೆ.”

“ಒಳ್ಳೇದಾಯ್ತು,” ಎಂದ ಗೆರಿಟ್. “ತುಂಬ ಒಳ್ಳೇದಾಯ್ತು ಲೋರ್ನಾ.”

ಫೋನನ್ನು ಮೊದಲು ಇಡುವವರು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ.

ವೆಂಡೆಲ್ ಬಂದಿದ್ದು ಏಪ್ರಿಲಿನಲ್ಲಿ. ಎತ್ತರದ ಆಳು. ಆದರೆ ಮುರಿದ ಬೆನ್ನುಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಎರಡು ಕೋಲು ಊರಿ ವರಾಂಡದಲ್ಲಿ ನಿಂತು, ಕಾರು ಹೊರತಂದ ಗೆರಿಟ್‌ನನ್ನು ನೋಡಿ ನಕ್ಕ. ಆ ನಗುವಿನಲ್ಲಿ ಕೆಡುಕಿನ ಲವಲೇಶವೂ ಇರಲಿಲ್ಲ. ಇದ್ದಿದ್ದರೆ ಗೆರಿಟ್‌ಗೆ ಅನುಕೂಲವಾಗುತ್ತಿತ್ತು.

“ನೀವೇನಾ ಇದನ್ನ ಸಾಕಿದ್ದು? ಹುಡುಗೀರು ನಿಮ್ಮದೇ ಮಾತು ಆಡ್ತಾರೆ.” ವೆಂಡೆಲ್ ಬಹಳ ಹೊತ್ತು ಕಾರನ್ನು ನೋಡಿದ. “ಅಲ್ಲಿ ದಿನಾ ಇದನ್ನ ತಲೆಯಲ್ಲೇ ಕಟ್ತಿದ್ದೆ ಕಣ್ರೀ. ಕಟ್ತಾ ಕಟ್ತಾ ಮೂತಿ ಉದ್ದ ಆಗ್ತಾ ಹೋಯ್ತು. ಈಗ ನೋಡಿದ್ರೆ ಇಷ್ಟೇನಾ ಅನ್ಸುತ್ತೆ.”

“ಕೂತು ನೋಡಿ,” ಎಂದ ಗೆರಿಟ್.

ಬಾಗಿಲು ಉದ್ದ, ಭಾರ. ಸೀಟು ನೆಲಕ್ಕೆ ಹತ್ತಿರ. ವೆಂಡೆಲ್ ಒಂದು ಕಾಲು ಒಳಗಿಟ್ಟ. ಬೆನ್ನು ಬಗ್ಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಹಣೆಯಲ್ಲಿ ಬೆವರು ಬಂತು. ಗೆರಿಟ್ ಕಂಕುಳಿಗೆ ಕೈ ಕೊಟ್ಟು ಮೆಲ್ಲನೆ ಎತ್ತಿ ನಿಲ್ಲಿಸಿದ. ಲೋರ್ನಾ ಬೇರೆಲ್ಲೋ ನೋಡುತ್ತಿದ್ದಳು.

“ಇನ್ನೂ ನಾಲ್ಕು ಬೆರಳು ಎತ್ತರ ಇದ್ದಿದ್ರೆ ಆಗ್ತಿತ್ತೇನೋ,” ಎಂದ ವೆಂಡೆಲ್, ಏದುಸಿರು ಬಿಡುತ್ತಾ. “ಆದರೆ ಆಗ ಯಾರು ಇದನ್ನ ಕನಸು ಕಾಣ್ತಿದ್ರು?”

ಜೂನಿನಲ್ಲಿ ಲೋರ್ನಾ ಹಸಿರು ಕಾರನ್ನು ತಾನೇ ಓಡಿಸಿಕೊಂಡು ಶೋರೂಮಿಗೆ ತಂದಳು. ಬದಲಿಗೆ ಒಂದು ಎತ್ತರದ, ನಾಲ್ಕು ಬಾಗಿಲಿನ ಕಂದು ಕಾರು ಸಿದ್ಧವಾಗಿತ್ತು. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಎಂಜಿನ್ ಆರಿಸಿದಳು, ಇಳಿಯಲಿಲ್ಲ. ಗೆರಿಟ್ ಕಿಟಕಿಯ ಬಳಿ ಬಗ್ಗಿ ನಿಂತ.

“ಅವತ್ತು ಆ ಸೀಟಿನ ವಿಷಯ ಯಾಕೆ ಹೇಳಿದ್ರಿ?”

“ನಿಜ ಅನ್ನಿಸ್ತು.”

“ಹೇಳದೇ ಇದ್ದಿದ್ರೆ ನಾನು ನಿಮ್ಮವಳಾಗಿಬಿಡ್ತಿದ್ದೆ. ಗೊತ್ತಿತ್ತಾ?”

“ಗೊತ್ತಿತ್ತು.”

ಲೋರ್ನಾ ಸ್ಟಿಯರಿಂಗನ್ನು ಬೆರಳಿನಿಂದ ಸವರಿದಳು. “ಹೇಳಿದ್ಮೇಲೇನೇ ನೀವು ನಂಗೆ ಪೂರ್ತಿ ಬೇಕಾಗಿದ್ದು. ಎಂಥಾ ಅನ್ಯಾಯ ನೋಡಿ. ಅದೇ ಮಾತು ನನ್ನನ್ನ ಅವರಿಗೂ ಕಟ್ಟಿ ಹಾಕ್ತು.”

“ನಾನು ಮೊದಲನೇ ದಿನದಿಂದ…” ಎಂದ ಗೆರಿಟ್.

“ಮೊದಲನೇ ದಿನ ನೀವು ನನ್ನ ಗ್ಯಾರೇಜನ್ನ ಬೈದ್ರಿ.”

ಇಬ್ಬರೂ ನಕ್ಕರು. ನಕ್ಕಿದ್ದರಿಂದಲೇ ತಡೆಯಲಾಗದೆ ಅವಳು ಕೈ ಚಾಚಿ ಅವನ ಕೆನ್ನೆಯ ಮೇಲಿಟ್ಟಳು. ಎಣ್ಣೆಯ ಕಲೆಯಿದ್ದ ಕೆನ್ನೆ. ಅವನು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಅವಳು ಆಚೆ ಬಾಗಿಲಿನಿಂದ ಇಳಿದು ನಿಂತಿದ್ದಳು.

“ಇನ್ನು ಭಾನುವಾರ ಬರಬೇಡಿ ಗೆರಿಟ್.”

“ಬರಲ್ಲ.”

ಕಂದು ಕಾರನ್ನು ಅವನೇ ಓಡಿಸಿದ. ಮುಂದಿನ ಸೀಟು ವಿಶಾಲವಾಗಿತ್ತು. ಅವಳು ಆಚೆ ತುದಿಗೆ, ಬಾಗಿಲಿಗೆ ಒತ್ತಿ ಕೂತಿದ್ದಳು. ಅವಳ ಮನೆಯ ಮುಂದೆ ಕಾರು ನಿಲ್ಲಿಸಿ ಗೆರಿಟ್ ಇಳಿದ.

ವೆಂಡೆಲ್ ಬಾಗಿಲು ತೆರೆದು, ಕುರ್ಚಿಯಲ್ಲಿ ಕೂತಂತೆ ಸಲೀಸಾಗಿ ಕೂತುಬಿಟ್ಟ. ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಸ್ಟಿಯರಿಂಗ್ ಹಿಡಿದವನ ಮುಖ ಅರಳಿತು. ಹುಡುಗಿಯರು ಹಿಂದೆ ಹತ್ತಿ ಕಿಟಕಿಗಾಗಿ ಕಿತ್ತಾಡತೊಡಗಿದರು.

“ಸರೋವರದ ಕಡೆ ಒಂದು ಸುತ್ತು ಹೋಗಿ ಬರೋಣ. ನೀವೂ ಹತ್ತಿ. ವಾಪಸ್ ಹೇಗೆ ಹೋಗ್ತೀರಾ?” ಎಂದು ವೆಂಡೆಲ್ ಕೇಳಿದ. “ಇಲ್ಲಿ ಬೇಕಾದಷ್ಟು ಜಾಗ ಇದೆ.”

“ಬೇಡ, ನಡೆದೇ ಹೋಗ್ತೀನಿ. ಹತ್ತಿರವೇ,” ಎಂದ ಗೆರಿಟ್.

ಹತ್ತಿರವಿರಲಿಲ್ಲ. ನಾಲ್ಕು ಮೈಲಿ ದೂರ.

ಅವನು ಸರೋವರದ ರಸ್ತೆಗೆ ಬಂದು ನಡೆಯುತ್ತಿದ್ದಾಗ ಕಂದು ಕಾರು ಹಿಂದಿನಿಂದ ಬಂದು ಹಾರನ್ ಮಾಡಿತು. ಹುಡುಗಿಯರಿಬ್ಬರೂ ಕಿಟಕಿಯಿಂದ ಕೈ ಬೀಸಿದರು. ಗೆರಿಟ್ ಟೋಪಿ ತೆಗೆದು ಬೀಸಿದ. ಲೋರ್ನಾ ಮುಂದಕ್ಕೇ ನೋಡುತ್ತಿದ್ದಳು.

ರಸ್ತೆ ನೇರವಾಗಿತ್ತು. ಕಾರು ಬಹಳ ಹೊತ್ತು ಕಾಣುತ್ತಲೇ ಇತ್ತು.